ಟ್ರಾನ್ಸ್‌ಫರ್ಮೇಷನ್‌ಗೆ ಇನ್‌ಪುಟ್, ಔಟ್‌ಪುಟ್ ಹೊಂದಿಸುವುದು ಹೇಗೆ? ಕಾಫಿ ಡಿಪೋದ ಲೆಕ್ಕ ಇಟ್ಟುಕೊಂಡು ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ಕಾಫಿಯ ಲೆಕ್ಕ ಒಂದೇ ಜಾಗದಲ್ಲಿ ಸಿಗುವುದಿಲ್ಲ. ತೋಟದ ರೈಟರ್ ಮಳೆ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಬರೆಯುತ್ತಾರೆ. ಡಿಪೋದ ತೂಕದ ಕಂಪ್ಯೂಟರ್ ದಿನಕ್ಕೊಂದು ಸಿಎಸ್‌ವಿ ಫೈಲ್, ಅಂದರೆ ಕಾಮಾದಂಥ ಚಿಹ್ನೆಯಿಂದ ಕಾಲಂ ಬೇರೆ ಮಾಡಿದ ಸಾದಾ ಟೆಕ್ಸ್ಟ್ ಫೈಲ್, ಕೊಡುತ್ತದೆ. ಬೆಳೆಗಾರರ ಹೆಸರು, ಕೋಡ್, ಊರು ಆಫೀಸಿನ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಇರುತ್ತವೆ. ಈ ಮೂರನ್ನೂ ಸೇರಿಸಿ ಒಂದು ಟೇಬಲ್ ಮಾಡಬೇಕು ಅಂದುಕೊಳ್ಳಿ. ಯಾರಿಂದ ಯಾವ ದಿನ ಎಷ್ಟು ಕಾಫಿ ಬಂತು, ಆ ದಿನ ಅವರ ತೋಟದಲ್ಲಿ ಎಷ್ಟು ಮಳೆ ಆಗಿತ್ತು ಎಂದು ಅದು ಹೇಳಬೇಕು. ಕೊಯ್ಲಿನ ಹೊತ್ತಲ್ಲಿ ಬೀಳುವ ಮಳೆ ಕಣದಲ್ಲಿ ಒಣಗುತ್ತಿರುವ ಕಾಫಿಯನ್ನು ಕೆಡಿಸುತ್ತದೆ. ಅದಕ್ಕೇ ಈ ಎರಡು ಲೆಕ್ಕ ಅಕ್ಕಪಕ್ಕ ಬೇಕು.

ಇಂಥ ಕೆಲಸಕ್ಕೆ ಡೇಟಾ ಇಂಟಿಗ್ರೇಷನ್ ಸಾಫ್ಟ್‌ವೇರ್ ಇದೆ. ಇಲ್ಲಿ ಪೆಂಟಾಹೋ ಡೇಟಾ ಇಂಟಿಗ್ರೇಷನ್ ಇಟ್ಟುಕೊಂಡು ಹೇಳುತ್ತೇನೆ. ಇದರ ಹಳೆಯ ಹೆಸರು ಕೆಟಲ್. ಬೆಲ್ಜಿಯಂನ ಮ್ಯಾಟ್ ಕ್ಯಾಸ್ಟರ್ಸ್ ಬರೆದದ್ದು. ಡೇಟಾ ಓದಿ, ಬದಲಿಸಿ, ಬರೆಯುವ ಇಡೀ ಜೋಡಣೆಗೆ ಇದರಲ್ಲಿ ಟ್ರಾನ್ಸ್‌ಫರ್ಮೇಷನ್ ಎನ್ನುತ್ತಾರೆ, ಅದರ ಒಂದೊಂದು ಹಂತಕ್ಕೆ ಸ್ಟೆಪ್. ಇದೇ ಕೋಡ್‌ನಿಂದ ಕವಲೊಡೆದ ಅಪಾಚೆ ಹಾಪ್ ಬಳಸುವವರಿಗೂ ಮುಂದಿನ ಹೆಚ್ಚಿನ ಮಾತು ಅನ್ವಯಿಸುತ್ತದೆ. ಅಲ್ಲಿ ಟ್ರಾನ್ಸ್‌ಫರ್ಮೇಷನ್ ಬದಲು ಪೈಪ್‌ಲೈನ್ ಅನ್ನುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಟ್ರಾನ್ಸ್‌ಫರ್ಮೇಷನ್‌ನ ಮಧ್ಯದ ಲೆಕ್ಕಾಚಾರ ಕಷ್ಟದ್ದಲ್ಲ. ಕೆಡುವುದು ಎರಡು ತುದಿಗಳಲ್ಲಿ. ದಿನಾಂಕ ಯಾವ ಕ್ರಮದಲ್ಲಿದೆ, ಸಂಖ್ಯೆ ಯಾವ ಬಗೆಯದು, ಅಕ್ಷರ ಯಾವ ಎನ್‌ಕೋಡಿಂಗ್‌ನಲ್ಲಿ (ಕಂಪ್ಯೂಟರ್ ಅಕ್ಷರವನ್ನು ಉಳಿಸುವ ಸಂಕೇತ ಪದ್ಧತಿ) ಇದೆ ಎಂದು ನೀವು ಹೇಳದಿದ್ದರೆ ಸಾಫ್ಟ್‌ವೇರ್ ತಾನೇ ಊಹಿಸುತ್ತದೆ. ಊಹೆ ತಪ್ಪಿದರೂ ಎಷ್ಟೋ ಸಲ ಎರರ್ ಬರುವುದಿಲ್ಲ. ತಪ್ಪು ಲೆಕ್ಕ ಸುಮ್ನೆ ಟೇಬಲ್ ಒಳಗೆ ಹೋಗಿ ಕೂರುತ್ತದೆ. ಆದ್ದರಿಂದ ಎರಡೂ ತುದಿಗಳಲ್ಲಿ ಎಲ್ಲವನ್ನೂ ನಾವೇ ಬರೆದು ಹೇಳಬೇಕು.

ಮೊದಲು ಔಟ್‌ಪುಟ್ ಯಾವುದೆಂದು ಬರೆದಿಡಿ

ಪೆಂಟಾಹೋದಲ್ಲಿ ಟ್ರಾನ್ಸ್‌ಫರ್ಮೇಷನ್ ಜೋಡಿಸುವ ಕಿಟಕಿಯಾದ ಸ್ಪೂನ್ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಕೊನೆಗೆ ಬರಬೇಕಾದ ಟೇಬಲ್‌ನ ಒಂದೊಂದು ಫೀಲ್ಡ್, ಅಂದರೆ ಕಾಲಂ, ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಡಿಪೋ ಕೋಡ್, ರಸೀದಿ ಸಂಖ್ಯೆ, ದಿನಾಂಕ, ಸದಸ್ಯ ಕೋಡ್, ಹೆಸರು, ಊರು, ಕಾಫಿಯ ಬಗೆ, ತೂಕ ಕೆ.ಜಿ.ಯಲ್ಲಿ, ಮಳೆ ಮಿಲಿಮೀಟರ್‌ನಲ್ಲಿ, ಸೀಸನ್. ಅಳತೆಯ ಘಟಕವನ್ನು ಫೀಲ್ಡ್ ಹೆಸರಿನಲ್ಲೇ ಸೇರಿಸಿ. ಬರೀ 'ತೂಕ' ಎಂದಿದ್ದರೆ ಒಬ್ಬರು ಕೆ.ಜಿ. ಅಂದುಕೊಳ್ಳುತ್ತಾರೆ, ಇನ್ನೊಬ್ಬರು 50 ಕೆ.ಜಿ.ಯ ಚೀಲ ಅಂದುಕೊಳ್ಳುತ್ತಾರೆ.

ಆಮೇಲೆ ಮುಖ್ಯವಾದ ಒಂದು ಪ್ರಶ್ನೆ. ಒಂದು ಸಾಲನ್ನು ಇನ್ನೊಂದರಿಂದ ಬೇರೆ ಮಾಡುವುದು ಯಾವುದು? ಇಲ್ಲಿ ಡಿಪೋ ಕೋಡ್ ಮತ್ತು ರಸೀದಿ ಸಂಖ್ಯೆ ಸೇರಿ ಕೀ ಆಗುತ್ತವೆ. ರಸೀದಿ ಪುಸ್ತಕ ಪ್ರತಿ ಸೀಸನ್ 1ರಿಂದ ಶುರುವಾಗುವುದಾದರೆ ಸೀಸನ್ ಕೂಡ ಕೀಯಲ್ಲಿ ಇರಬೇಕು. ಕಾಫಿ ವರ್ಷ ಅಕ್ಟೋಬರ್ 1ಕ್ಕೆ ಶುರುವಾಗಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಕೊಯ್ಲು ಡಿಸೆಂಬರ್ ದಾಟಿ ಮುಂದಿನ ವರ್ಷಕ್ಕೆ ಹೋಗುವುದರಿಂದ ಬರೀ ಇಸವಿ ಇಟ್ಟುಕೊಂಡರೆ ಒಂದೇ ಬೆಳೆ ಎರಡಾಗಿ ಒಡೆಯುತ್ತದೆ. ತಿಂಗಳು 10 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದೇ ಇಸವಿ, ಇಲ್ಲದಿದ್ದರೆ ಹಿಂದಿನ ಇಸವಿ ಎಂದು ಸೀಸನ್ ಫೀಲ್ಡ್ ಮಾಡಿಕೊಳ್ಳಿ.

ತೂಕದ ಸಿಎಸ್‌ವಿ ಒಳಗೆ ತರುವುದು

ಹೊಸ ಟ್ರಾನ್ಸ್‌ಫರ್ಮೇಷನ್ ತೆರೆದು ಇನ್‌ಪುಟ್ ಗುಂಪಿನಿಂದ 'ಟೆಕ್ಸ್ಟ್ ಫೈಲ್ ಇನ್‌ಪುಟ್' ಎಳೆದು ಹಾಕಿ. ಪಕ್ಕದಲ್ಲೇ 'ಸಿಎಸ್‌ವಿ ಫೈಲ್ ಇನ್‌ಪುಟ್' ಎಂದೂ ಇದೆ. ಅದು ವೇಗವಾಗಿ ಓದುತ್ತದೆ, ಆದರೆ ಒಂದು ದೊಡ್ಡ ಫೈಲ್‌ಗೆ ಹೇಳಿ ಮಾಡಿಸಿದ್ದು. ದಿನಕ್ಕೊಂದು ಫೈಲ್ ಬಂದು ಬೀಳುವ ಫೋಲ್ಡರ್‌ಗೆ ಮೊದಲನೆಯದೇ ಸರಿ.

ಫೈಲ್ ಟ್ಯಾಬ್‌ನಲ್ಲಿ ಫೋಲ್ಡರ್ ಕೊಡಿ. ಪೂರ್ತಿ ವಿಳಾಸ ಬರೆಯಬೇಡಿ. ಟ್ರಾನ್ಸ್‌ಫರ್ಮೇಷನ್ ಸೆಟ್ಟಿಂಗ್ಸ್‌ನ ಪ್ಯಾರಾಮೀಟರ್ಸ್ ಟ್ಯಾಬ್‌ನಲ್ಲಿ ಇನ್‌ಪುಟ್ ಫೋಲ್ಡರ್‌ಗೆ ಒಂದು ಪ್ಯಾರಾಮೀಟರ್ ಮಾಡಿ, ಇಲ್ಲಿ ಅದನ್ನು ಡಾಲರ್ ಚಿಹ್ನೆ ಮತ್ತು ಪುಷ್ಪಾವರಣದ ಒಳಗೆ ಬರೆಯಿರಿ. ಇವತ್ತು ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿದ್ದು ನಾಳೆ ಆಫೀಸಿನ ಕಂಪ್ಯೂಟರಿನಲ್ಲೂ ಓಡಬೇಕು, ಅಲ್ವಾ?

ಪಕ್ಕದ ವೈಲ್ಡ್‌ಕಾರ್ಡ್ ಕಾಲಂನಲ್ಲಿ ತುಂಬಾ ಜನ ಎಡವುತ್ತಾರೆ. ಅಲ್ಲಿ ಬೇಕಿರುವುದು ರೆಗ್ಯುಲರ್ ಎಕ್ಸ್‌ಪ್ರೆಷನ್, ಅಂದರೆ ಹೆಸರಿನ ಮಾದರಿ ಹೇಳುವ ಒಂದು ಬಗೆಯ ಸಂಕೇತ. ನಕ್ಷತ್ರ, ಡಾಟ್, ಸಿಎಸ್‌ವಿ ಎಂದು ಬರೆದರೆ ಫೈಲ್ ಸಿಗುವುದಿಲ್ಲ. ಡಾಟ್, ನಕ್ಷತ್ರ, ಬ್ಯಾಕ್‌ಸ್ಲ್ಯಾಶ್, ಡಾಟ್, ಸಿಎಸ್‌ವಿ ಎಂದು ಬರೆಯಬೇಕು. ಬರೆದ ಕೂಡಲೇ 'ಶೋ ಫೈಲ್‌ನೇಮ್ಸ್' ಬಟನ್ ಒತ್ತಿ ಯಾವ ಯಾವ ಫೈಲ್ ಸಿಕ್ಕಿತು ನೋಡಿ. 'ರಿಕ್ವೈರ್ಡ್' ಕಾಲಂನಲ್ಲಿ ವೈ ಇಡಿ. ಇಲ್ಲದಿದ್ದರೆ ಫೈಲ್ ಬಾರದ ದಿನವೂ ಟ್ರಾನ್ಸ್‌ಫರ್ಮೇಷನ್ ಯಶಸ್ವಿಯಾಯಿತು ಎಂದು ತೋರಿಸಿಬಿಡಬಹುದು.

ಕಂಟೆಂಟ್ ಟ್ಯಾಬ್‌ನಲ್ಲಿ ಸೆಪರೇಟರ್ ನೋಡಿ. ತಾನಾಗಿ ಸೆಮಿಕೋಲನ್ ಇದ್ದರೆ ಅಳಿಸಿ ಕಾಮಾ ಹಾಕಿ. ಎನ್‌ಕ್ಲೋಷರ್‌ಗೆ ಜೋಡಿ ಉದ್ಧರಣ ಚಿಹ್ನೆ. ತೂಕ 1,250 ಎಂದು ಕಾಮಾ ಸಮೇತ ಬರುತ್ತಿದ್ದರೆ ಈ ಚಿಹ್ನೆ ಇಲ್ಲದೆ ಒಂದು ಸಂಖ್ಯೆ ಎರಡು ಫೀಲ್ಡ್ ಆಗುತ್ತದೆ. ಹೆಡರ್ ಸಾಲು ಎಷ್ಟಿದೆ ಎಂದು ಹೇಳಿ. ಕೆಳಗೆ ಒಟ್ಟು ಮೊತ್ತದ ಸಾಲಿದ್ದರೆ ಫುಟರ್ ಎಂದೂ ಹೇಳಿ, ಇಲ್ಲದಿದ್ದರೆ ದಿನದ ತೂಕ ಎರಡರಷ್ಟಾಗುತ್ತದೆ. ಫೈಲ್ ಹೆಸರನ್ನು ಒಂದು ಫೀಲ್ಡ್ ಆಗಿ ಸೇರಿಸುವ ಆಯ್ಕೆಯೂ ಇಲ್ಲಿದೆ. ಅದನ್ನು ಖಂಡಿತ ಟಿಕ್ ಮಾಡಿ. ಮುಂದೆ ಒಂದು ಸಾಲಿನ ಬಗ್ಗೆ ಜಗಳ ಬಂದಾಗ ಅದು ಯಾವ ದಿನದ ಫೈಲಿನಿಂದ ಬಂತು ಎಂದು ತೋರಿಸಬಹುದು.

ಇನ್ನು ಎನ್‌ಕೋಡಿಂಗ್. ಯುಟಿಎಫ್-8 ಎಂದು ನೀವೇ ಆರಿಸಿ, ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಕಂಪ್ಯೂಟರಿನ ಸ್ವಂತ ಎನ್‌ಕೋಡಿಂಗ್ ಹಿಡಿಯುತ್ತದೆ, ವಿಂಡೋಸ್‌ನಲ್ಲಿ ಒಂದು, ಲಿನಕ್ಸ್‌ನಲ್ಲಿ ಒಂದು. ಆದರೆ ಕನ್ನಡದ ವಿಷಯದಲ್ಲಿ ಇಷ್ಟು ಸಾಲದು. ಎಕ್ಸೆಲ್‌ನಿಂದ ಮಾಮೂಲಿ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನೆ ಚಿಹ್ನೆ ಆಗಬಹುದು. ಹಾಗೆ ಹೋದದ್ದು ವಾಪಸ್ ಬರುವುದಿಲ್ಲ. 'ಸಿಎಸ್‌ವಿ ಯುಟಿಎಫ್-8' ಎಂಬ ಬಗೆಯಲ್ಲೇ ಉಳಿಸಬೇಕು. ಅದರ ಮೊದಲಿಗೆ ಬಿಒಎಂ ಎಂಬ ಕಾಣದ ಗುರುತು ಕೂರುತ್ತದೆ. ಮೊದಲ ಫೀಲ್ಡ್ ಹೆಸರು ಸರಿಯಾಗಿಯೇ ಕಂಡರೂ ಹೊಂದಿಕೆ ಆಗುತ್ತಿಲ್ಲ ಎಂದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳ ಕಥೆ ಬೇರೆ. ಅಲ್ಲಿ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ. ಯಾವ ಎನ್‌ಕೋಡಿಂಗ್ ಆರಿಸಿದರೂ ಅದು ಕನ್ನಡ ಆಗುವುದಿಲ್ಲ. ಟ್ರಾನ್ಸ್‌ಫರ್ಮೇಷನ್‌ಗೆ ಕೊಡುವ ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಲ್ಲಿ ನೋಡಿ.

ಈಗ ಫೀಲ್ಡ್ಸ್ ಟ್ಯಾಬ್. 'ಗೆಟ್ ಫೀಲ್ಡ್ಸ್' ಒತ್ತಿದರೆ ಕೆಲವು ಸಾಲು ನೋಡಿ ಬಗೆಯನ್ನು ಊಹಿಸುತ್ತದೆ. ಹೆಸರುಗಳಿಗಾಗಿ ಒತ್ತಿ, ಆದರೆ ಊಹಿಸಿದ ಬಗೆಯನ್ನು ನಂಬಬೇಡಿ. ಸದಸ್ಯ ಕೋಡ್ 0042 ಇದ್ದರೆ ಇಂಟಿಜರ್ (ಪೂರ್ಣಾಂಕ) ಎಂದು ತೆಗೆದುಕೊಂಡು 42 ಮಾಡುತ್ತದೆ. ಡೇಟಾಬೇಸಿನಲ್ಲಿ 0042 ಇದೆ, ಎರಡೂ ಸೇರುವುದಿಲ್ಲ. ನನ್ನ ಕ್ರಮ ಹೀಗೆ: ಇಲ್ಲಿ ಎಲ್ಲ ಫೀಲ್ಡ್‌ಗಳನ್ನೂ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಮಾಡುವುದು, ಫಾರ್ಮ್ಯಾಟ್ ಖಾಲಿ ಬಿಡುವುದು, ಅಂಚಿನ ಖಾಲಿ ಜಾಗ ತೆಗೆಯುವ ಟ್ರಿಮ್ ಎರಡೂ ಕಡೆ ಎಂದು ಇಡುವುದು. ಬಗೆ ಬದಲಿಸುವ ಕೆಲಸ ಮುಂದಿನ ಸ್ಟೆಪ್‌ನಲ್ಲಿ. ಯಾಕೆ ಎಂದು ಆಮೇಲೆ ಹೇಳುತ್ತೇನೆ. ಪ್ರಿವ್ಯೂ ಒತ್ತಿ ನೋಡಿ, ಮುಂದೆ ಹೋಗಿ.

ಮಳೆ ಲೆಕ್ಕದ ಎಕ್ಸೆಲ್

ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. 100 ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಬರೆಯುವಾಗ ಒಂದು ಇಂಚು ಇಪ್ಪತ್ತು ಸೆಂಟನ್ನು ಕೆಲವರು 1.20 ಎಂದರೆ ಕೆಲವರು 1-20 ಎನ್ನುತ್ತಾರೆ. ಎಕ್ಸೆಲ್ 1-20 ನೋಡಿದ ತಕ್ಷಣ ದಿನಾಂಕ ಮಾಡಿಬಿಡುತ್ತದೆ. ಸರ್ವೆ ನಂಬರ್ 12/3 ಕೂಡ ಹೀಗೇ ದಿನಾಂಕ ಆಗುತ್ತದೆ. ಇದು ಎಕ್ಸೆಲ್ ಒಳಗೇ ಆಗುವ ಹಾನಿ. ಇನ್‌ಪುಟ್ ಸ್ಟೆಪ್‌ನಲ್ಲಿ ಸ್ಟ್ರಿಂಗ್ ಎಂದು ಆರಿಸಿದರೂ ಸರಿಹೋಗುವುದಿಲ್ಲ. ರೈಟರ್ ಕೂತು ಬರೆಯುವ ಶೀಟಿನಲ್ಲೇ ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಫಾರ್ಮ್ಯಾಟ್ ಮಾಡಿಕೊಡಬೇಕು.

ಇನ್ನೂ ಒಳ್ಳೆಯ ದಾರಿ ಇಂಚಿಗೊಂದು ಕಾಲಂ, ಸೆಂಟಿಗೊಂದು ಕಾಲಂ ಮಾಡುವುದು. ಒಂದು ಇಂಚು ಐದು ಸೆಂಟನ್ನು 1.5 ಎಂದು ಬರೆದುಬಿಟ್ಟರೆ 26.67 ಮಿ.ಮೀ. ಹೋಗಿ 38.1 ಮಿ.ಮೀ. ಆಗುತ್ತದೆ. ಯಾವ ಸಾಫ್ಟ್‌ವೇರೂ ಇದನ್ನು ಹಿಡಿಯಲಾರದು. ರೈಟರ್ ಜೊತೆ ಕೂತು ಈ ವಿಷಯ ಮಾತಾಡಿ. ಬರೆಯುವವರ ಒಪ್ಪಿಗೆ ಸಿಕ್ಕಿದರೆ ಅರ್ಧ ಇನ್‌ಪುಟ್ ಅಲ್ಲೇ ಸರಿಯಾಗುತ್ತದೆ.

'ಮೈಕ್ರೋಸಾಫ್ಟ್ ಎಕ್ಸೆಲ್ ಇನ್‌ಪುಟ್' ಸ್ಟೆಪ್ ಹಾಕಿ. ಮೊದಲಿಗೆ ಸ್ಪ್ರೆಡ್‌ಶೀಟ್ ಟೈಪ್ ಆರಿಸಿ. ಹಳೆಯ ಎಕ್ಸ್‌ಎಲ್‌ಎಸ್‌ಗೂ ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್‌ಗೂ ಬೇರೆ ಬೇರೆ ಎಂಜಿನ್. ಇದು ತಪ್ಪಿದ್ದರೆ ಫೈಲ್ ತೆರೆಯುವುದೇ ಇಲ್ಲ. ಶೀಟ್ಸ್ ಟ್ಯಾಬ್‌ನಲ್ಲಿ ಶೀಟಿನ ಹೆಸರು, ಶುರುವಿನ ಸಾಲು, ಶುರುವಿನ ಕಾಲಂ ಕೊಡಿ. ಎಣಿಕೆ ಸೊನ್ನೆಯಿಂದ ಶುರು. ತೋಟದ ಹೆಸರು, ತಿಂಗಳು ಎಂದು ಮೇಲೆ ಎರಡು ಸಾಲು ಬಿಟ್ಟು ಮೂರನೆಯದರಲ್ಲಿ ಹೆಡರ್ ಇದ್ದರೆ ಶುರುವಿನ ಸಾಲು 2.

ಇಂಚು, ಸೆಂಟು ಎರಡನ್ನೂ ನಂಬರ್ ಬಗೆಗೆ ತಂದು ಕ್ಯಾಲ್ಕುಲೇಟರ್ ಸ್ಟೆಪ್‌ನಲ್ಲಿ ಇಂಚನ್ನು 25.4ರಿಂದ, ಸೆಂಟನ್ನು 0.254ರಿಂದ ಗುಣಿಸಿ ಕೂಡಿ. ಎಲ್ಲವೂ ನಂಬರ್ ಬಗೆಯಲ್ಲೇ ಇರಲಿ. ಇಂಟಿಜರ್ ಬೆರೆತರೆ ದಶಾಂಶ ಉದುರಿಹೋಗುವ ಅಪಾಯ ಇದೆ.

ಡೇಟಾಬೇಸಿನಿಂದ ಸದಸ್ಯರ ಪಟ್ಟಿ

ಇದು ಮೂರರಲ್ಲಿ ಸುಲಭದ್ದು. 'ಟೇಬಲ್ ಇನ್‌ಪುಟ್' ಹಾಕಿ, ಕನೆಕ್ಷನ್ ಆರಿಸಿ, ಡೇಟಾಬೇಸನ್ನು ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಪ್ರಶ್ನೆ ಬರೆಯಿರಿ. ನಕ್ಷತ್ರ ಹಾಕಿ ಎಲ್ಲ ಕಾಲಂ ತರಬೇಡಿ. ಬೇಕಾದ ಮೂರೇ ಕಾಲಂ ಹೆಸರಿಸಿ. ಪ್ಯಾರಾಮೀಟರ್ ಬಳಸಿದ್ದರೆ 'ರಿಪ್ಲೇಸ್ ವೇರಿಯಬಲ್ಸ್' ಟಿಕ್ ಮಾಡಲು ಮರೆಯಬೇಡಿ. ಪಾಸ್‌ವರ್ಡನ್ನು ಟ್ರಾನ್ಸ್‌ಫರ್ಮೇಷನ್ ಒಳಗೆ ಇಡದೆ ವೇರಿಯಬಲ್ ಮೂಲಕ ಕೊಡಿ. ಹೆಸರಿನ ಜಾಗದಲ್ಲಿ ಪ್ರಶ್ನೆ ಚಿಹ್ನೆ ಬಂದರೆ ಕನೆಕ್ಷನ್‌ನ ಆಪ್ಷನ್ಸ್‌ನಲ್ಲಿ ಕ್ಯಾರೆಕ್ಟರ್ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸೇರಿಸಿ.

ಬಗೆ ಬದಲಿಸುವುದು, ಕೆಟ್ಟ ಸಾಲನ್ನು ಬೇರೆ ಮಾಡುವುದು

ಟೆಕ್ಸ್ಟ್ ಫೈಲ್ ಇನ್‌ಪುಟ್ ಮುಂದೆ 'ಸೆಲೆಕ್ಟ್ ವ್ಯಾಲ್ಯೂಸ್' ಹಾಕಿ, ಅದರ ಮೆಟಾಡೇಟಾ ಟ್ಯಾಬ್ ಮಾತ್ರ ಬಳಸಿ. ತೂಕಕ್ಕೆ ನಂಬರ್. ಹಣ ಇದ್ದರೆ ಬಿಗ್‌ನಂಬರ್, ಪೈಸೆ ತಪ್ಪದಿರಲಿ ಎಂದು. ಗ್ರೂಪಿಂಗ್ ಚಿಹ್ನೆ ಕಾಮಾ, ದಶಾಂಶ ಚಿಹ್ನೆ ಡಾಟ್ ಎಂದು ಹೇಳಿ. ಹೀಗೆ ಹೇಳಿದರೆ 1,25,000 ಎಂಬ ನಮ್ಮ ಲಕ್ಷದ ಬರವಣಿಗೆಯನ್ನೂ ಸರಿಯಾಗಿ ಓದುತ್ತದೆ. ಬರೆಯುವಾಗ ಮಾತ್ರ ಆ ರೀತಿ ಕಾಮಾ ಹಾಕಲು ಅದಕ್ಕೆ ಬರುವುದಿಲ್ಲ, 125,000 ಎನ್ನುತ್ತದೆ.

ದಿನಾಂಕಕ್ಕೆ ದಿನ, ತಿಂಗಳು, ಇಸವಿ ಎಂಬ ಮಾಸ್ಕ್ ಕೊಡಿ. ತಿಂಗಳಿಗೆ ದೊಡ್ಡಕ್ಷರದ ಎಂಎಂ. ಸಣ್ಣಕ್ಷರದಲ್ಲಿ ಬರೆದರೆ ಅದು ನಿಮಿಷ. ಇದಕ್ಕಿಂತ ದೊಡ್ಡ ಅಪಾಯ 'ಲೀನಿಯಂಟ್' ಎಂಬ ಆಯ್ಕೆ. ಅದು ಆನ್ ಆಗಿದ್ದರೆ ಆಗದ ದಿನಾಂಕವನ್ನೂ ಹೇಗೋ ಒಪ್ಪಿಕೊಳ್ಳುತ್ತದೆ. ಯಾರೋ ಅಮೆರಿಕದ ಕ್ರಮದಲ್ಲಿ 12/25/2024 ಎಂದು ಬರೆದಿದ್ದಾರೆ ಅಂದುಕೊಳ್ಳಿ. ನಿಮ್ಮ ಮಾಸ್ಕ್ ಪ್ರಕಾರ ಅದು 12ನೇ ದಿನ, 25ನೇ ತಿಂಗಳು. ಲೀನಿಯಂಟ್ ಇದ್ದರೆ ತಿಂಗಳುಗಳನ್ನು ಎಣಿಸುತ್ತಾ ಹೋಗಿ 2026ರ ಜನವರಿ 12 ಎಂದು ಕೊಡುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಈ ಆಯ್ಕೆ ಎಲ್ಲಿ ಕಂಡರೂ ತೆಗೆದುಬಿಡಿ.

ಮೊದಲು ಎಲ್ಲವನ್ನೂ ಸ್ಟ್ರಿಂಗ್ ಆಗಿ ಓದಿದ್ದರ ಲಾಭ ಈಗ ಸಿಗುತ್ತದೆ. ಸೆಲೆಕ್ಟ್ ವ್ಯಾಲ್ಯೂಸ್ ಮೇಲೆ ರೈಟ್ ಕ್ಲಿಕ್ ಮಾಡಿ 'ಎರರ್ ಹ್ಯಾಂಡ್ಲಿಂಗ್' ತೆರೆಯಿರಿ. ಎರರ್ ವಿವರ ಮತ್ತು ಎರರ್ ಆದ ಫೀಲ್ಡ್ ಯಾವ ಹೆಸರಲ್ಲಿ ಬರಬೇಕು ಎಂದು ಬರೆದು ಒಂದು ಬೇರೆ ಟೆಕ್ಸ್ಟ್ ಫೈಲ್ ಔಟ್‌ಪುಟ್‌ಗೆ ಜೋಡಿಸಿ. ಈಗ ತೂಕದ ಜಾಗದಲ್ಲಿ 'ಆಮೇಲೆ' ಎಂದು ಬರೆದ ಸಾಲು ಇಡೀ ಕೆಲಸ ನಿಲ್ಲಿಸುವುದಿಲ್ಲ. ಮೂಲದಲ್ಲಿ ಹೇಗಿತ್ತೋ ಹಾಗೇ, ಫೈಲ್ ಹೆಸರಿನ ಸಮೇತ, ತಿರಸ್ಕೃತ ಸಾಲುಗಳ ಫೈಲಿಗೆ ಹೋಗುತ್ತದೆ. ಡಿಪೋದವರಿಗೆ ಅದನ್ನೇ ಕಳಿಸಿ ಸರಿಮಾಡಿಸಬಹುದು.

ಕಾಫಿಯ ಬಗೆಗೂ ಇಲ್ಲೇ ಕಟ್ಟುನಿಟ್ಟು ಮಾಡಿ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ, ಈ ನಾಲ್ಕು ಬಿಟ್ಟು ಬೇರೆ ಬರಬಾರದು. ಬೇರೆ ಬೇರೆ ಬರವಣಿಗೆಯನ್ನು 'ವ್ಯಾಲ್ಯೂ ಮ್ಯಾಪರ್' ಒಂದಕ್ಕೆ ತರುತ್ತದೆ. ಊರುಗಳಿಗೂ ಇದೇ ಬೇಕು. 2014ರ ನವೆಂಬರ್ 1ರಂದು ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತ ಬದಲಾಯಿತು. ಹಳೆಯ ಫೈಲುಗಳಲ್ಲಿ ಹಳೆಯದು, ಹೊಸದರಲ್ಲಿ ಹೊಸದು ಇರುತ್ತದೆ.

ಮೂರನ್ನೂ ಜೋಡಿಸುವುದು

ಸದಸ್ಯರ ಪಟ್ಟಿ ಮತ್ತು ಮಳೆ ಲೆಕ್ಕ ಎರಡೂ ಚಿಕ್ಕವು. ಆದ್ದರಿಂದ 'ಸ್ಟ್ರೀಮ್ ಲುಕಪ್' ಸಾಕು. ಅದು ಚಿಕ್ಕ ಪಟ್ಟಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಹುಡುಕುತ್ತದೆ. 'ಮರ್ಜ್ ಜಾಯಿನ್' ಬಳಸಿದರೆ ಎರಡೂ ಕಡೆ ಮೊದಲೇ ಕೀ ಪ್ರಕಾರ ಸಾರ್ಟ್ ಮಾಡಿರಬೇಕು. ಮಾಡದಿದ್ದರೆ ಸಾಲುಗಳು ಸದ್ದಿಲ್ಲದೆ ಕಳೆದುಹೋಗುತ್ತವೆ.

ಕೀ ಎರಡೂ ಕಡೆ ಒಂದೇ ಬಗೆಯದಿರಲಿ, ಸ್ಟ್ರಿಂಗ್‌ಗೆ ಸ್ಟ್ರಿಂಗ್, ದಿನಾಂಕಕ್ಕೆ ಗಂಟೆ ಇಲ್ಲದ ದಿನಾಂಕ. ಕನ್ನಡದ ಹೆಸರನ್ನು ಕೀ ಮಾಡಿಕೊಳ್ಳಬೇಡಿ. ಕೊಪ್ಪ ಎಂಬಲ್ಲಿನ ಒ-ಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಕೋಡ್ ಇದ್ದರೆ ಈ ತಲೆನೋವೇ ಇಲ್ಲ.

ಮಳೆ ಸಿಗದ ದಿನಕ್ಕೆ ಡೀಫಾಲ್ಟ್ ಬೆಲೆ ಸೊನ್ನೆ ಎಂದು ಹಾಕಬೇಡಿ, ಖಾಲಿ ಬಿಡಿ. ಸೊನ್ನೆ ಅಂದರೆ ಮಳೆ ಬರಲಿಲ್ಲ. ಖಾಲಿ ಅಂದರೆ ಯಾರೂ ಬರೆಯಲಿಲ್ಲ. ಇವೆರಡನ್ನೂ ಬೆರೆಸಿದರೆ ಆಮೇಲೆ ಬಿಡಿಸಲು ಆಗುವುದಿಲ್ಲ.

ಒಂದು ಸ್ಟೆಪ್‌ನಿಂದ ಎರಡನೇ ಗೆರೆ ಎಳೆದಾಗ 'ಕಾಪಿ' ಅಥವಾ 'ಡಿಸ್ಟ್ರಿಬ್ಯೂಟ್' ಎಂದು ಕೇಳುತ್ತದೆ. ಟೇಬಲ್‌ಗೂ ಎಕ್ಸೆಲ್‌ಗೂ ಎಲ್ಲ ಸಾಲು ಹೋಗಬೇಕಾದರೆ ಕಾಪಿ. ಡಿಸ್ಟ್ರಿಬ್ಯೂಟ್ ಆರಿಸಿದರೆ ಒಂದು ಸಾಲು ಇತ್ತ, ಒಂದು ಸಾಲು ಅತ್ತ ಹೋಗಿ ಎರಡರಲ್ಲೂ ಅರ್ಧರ್ಧ ಕೂರುತ್ತದೆ.

ಔಟ್‌ಪುಟ್ ಟೇಬಲ್

'ಟೇಬಲ್ ಔಟ್‌ಪುಟ್' ಬರೀ ಸೇರಿಸುತ್ತಾ ಹೋಗುತ್ತದೆ. ಮಲೆನಾಡಿನಲ್ಲಿ ಗಾಳಿ ಮಳೆ ಬಂದರೆ ಕರೆಂಟ್ ಹೋಗುವುದು ಮಾಮೂಲಿ. ಅರ್ಧ ಓಡಿ ನಿಂತದ್ದನ್ನು ಮತ್ತೆ ಓಡಿಸಿದರೆ ಮೊದಲರ್ಧ ಎರಡು ಸಲ ಸೇರುತ್ತದೆ. ಅದಕ್ಕಾಗಿ 'ಟ್ರಂಕೇಟ್ ಟೇಬಲ್' ಟಿಕ್ ಮಾಡುವವರಿದ್ದಾರೆ. ಅದು ಹಳೆಯ ಸೀಸನ್‌ಗಳನ್ನೂ ಅಳಿಸಿಬಿಡುತ್ತದೆ.

'ಇನ್ಸರ್ಟ್/ಅಪ್‌ಡೇಟ್' ಬಳಸಿ. ಮೇಲಿನ ಪಟ್ಟಿಯಲ್ಲಿ ಕೀ ಫೀಲ್ಡ್‌ಗಳು: ಡಿಪೋ ಕೋಡ್, ಸೀಸನ್, ರಸೀದಿ ಸಂಖ್ಯೆ. ಕೆಳಗಿನ ಪಟ್ಟಿಯಲ್ಲಿ ಬರೆಯಬೇಕಾದ ಫೀಲ್ಡ್‌ಗಳು. ಕೀ ಫೀಲ್ಡ್‌ಗಳೂ ಇಲ್ಲಿ ಇರಬೇಕು, ಆದರೆ ಅವುಗಳ ಅಪ್‌ಡೇಟ್ ಕಾಲಂನಲ್ಲಿ ಎನ್ ಇಡಿ. ಇದು ಟೇಬಲ್ ಔಟ್‌ಪುಟ್‌ಗಿಂತ ನಿಧಾನ. ಪ್ರತಿ ಸಾಲಿಗೂ ಡೇಟಾಬೇಸಿನಲ್ಲಿ ಹುಡುಕುತ್ತದಲ್ಲ. ಕೀ ಫೀಲ್ಡ್‌ಗಳ ಮೇಲೆ ಯುನೀಕ್ ಇಂಡೆಕ್ಸ್ ಮಾಡಿದರೆ ಡಿಪೋದ ಮಟ್ಟಿಗೆ ವೇಗ ಸಾಲುತ್ತದೆ. ಟ್ರಾನ್ಸ್‌ಫರ್ಮೇಷನ್ ಸೆಟ್ಟಿಂಗ್ಸ್‌ನಲ್ಲಿ ಡೇಟಾಬೇಸ್ ಕೆಲಸವೆಲ್ಲ ಒಂದೇ ಟ್ರಾನ್ಸಾಕ್ಷನ್ ಆಗಿರಲಿ ಎಂಬ ಆಯ್ಕೆಯೂ ಇದೆ. ಅದನ್ನು ಆರಿಸಿದರೆ ಎರರ್ ಆದಾಗ ಬರೆದದ್ದೆಲ್ಲ ವಾಪಸ್ ಹೋಗುತ್ತದೆ.

ಕನ್ನಡದ ಕಾಲಂಗೆ ಉದ್ದ ಧಾರಾಳವಾಗಿ ಕೊಡಿ. ಚಿಕ್ಕಮಗಳೂರು ಎಂಬುದು ನಮಗೆ 6 ಅಕ್ಷರ, ಯೂನಿಕೋಡ್‌ನಲ್ಲಿ 11 ಸಂಕೇತ, ಯುಟಿಎಫ್-8ರಲ್ಲಿ 33 ಬೈಟ್. ಕೆಲವು ಡೇಟಾಬೇಸ್‌ಗಳು ಉದ್ದವನ್ನು ಬೈಟ್ ಲೆಕ್ಕದಲ್ಲಿ ಅಳೆಯುತ್ತವೆ. 20 ಕೊಟ್ಟರೆ ಊರಿನ ಹೆಸರೇ ಹಿಡಿಯುವುದಿಲ್ಲ.

ಹಾಸನದ ಕ್ಯೂರಿಂಗ್ ವರ್ಕ್ಸ್‌ಗೋ ಆಡಿಟರಿಗೋ ಕಳಿಸಲು ಎಕ್ಸೆಲ್ ಬೇಕಾದರೆ 'ಎಕ್ಸೆಲ್ ರೈಟರ್' ಸ್ಟೆಪ್ ಬಳಸಿ, ಎಕ್ಸ್‌ಎಲ್‌ಎಸ್‌ಎಕ್ಸ್ ಆರಿಸಿ. ಕನ್ನಡ ಇರುವ ಸಿಎಸ್‌ವಿ ಕಳಿಸಿದರೆ ಅವರ ಎಕ್ಸೆಲ್‌ನಲ್ಲಿ ಅಕ್ಷರ ಒಡೆದು ಕಾಣಬಹುದು. ಸಂಖ್ಯೆಯನ್ನು ಸಂಖ್ಯೆಯಾಗಿಯೇ ಕಳಿಸಿ, ಲಕ್ಷದ ಕಾಮಾ ಎಕ್ಸೆಲ್ ಫಾರ್ಮ್ಯಾಟ್‌ನಲ್ಲಿ ಬರಲಿ.

ಓಡಿಸಿ ತಾಳೆ ನೋಡುವುದು

ಓಡಿಸಿದ ಮೇಲೆ ಕೆಳಗಿನ ಸ್ಟೆಪ್ ಮೆಟ್ರಿಕ್ಸ್ ನೋಡಿ. 'ಇನ್‌ಪುಟ್' ಎಂದರೆ ಫೈಲ್ ಅಥವಾ ಡೇಟಾಬೇಸಿನಿಂದ ಓದಿದ್ದು. 'ರೀಡ್' ಎಂದರೆ ಹಿಂದಿನ ಸ್ಟೆಪ್‌ನಿಂದ ಪಡೆದದ್ದು. ಹೆಡರ್, ಫುಟರ್ ಬಿಟ್ಟು ಫೈಲಿನಿಂದ ಬಂದ ಸಾಲುಗಳು ಟೇಬಲ್ ಸ್ಟೆಪ್ ಪಡೆದದ್ದಕ್ಕೂ ತಿರಸ್ಕೃತ ಫೈಲಿಗೆ ಹೋದದ್ದಕ್ಕೂ ಸೇರಿ ಸರಿಹೊಂದಬೇಕು. ಒಂದು ಸಾಲು ಕಡಿಮೆ ಇದ್ದರೂ ಹುಡುಕಿ. ನಂತರ ಅದೇ ಫೈಲುಗಳನ್ನು ಎರಡನೇ ಸಲ ಓಡಿಸಿ. ಇನ್ಸರ್ಟ್/ಅಪ್‌ಡೇಟ್ ಮುಂದೆ 'ಔಟ್‌ಪುಟ್' ಸೊನ್ನೆ ಬರಬೇಕು. ಬರದಿದ್ದರೆ ಕೀ ತಪ್ಪಿದೆ. ಕೊನೆಗೆ ಒಂದು ದಿನದ ಒಟ್ಟು ತೂಕವನ್ನು ಡಿಪೋದ ರಿಜಿಸ್ಟರ್ ಜೊತೆ ತಾಳೆ ಹಾಕಿ.

ಇಷ್ಟು ಸರಿಹೋದ ಮೇಲೆ ದಿನವೂ ಸಂಜೆ ತಾನಾಗಿ ಓಡಲು ಪ್ಯಾನ್ ಎಂಬ ಕಮಾಂಡ್ ಬಳಸಿ, ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಹಾಕಿ. ಫೋಲ್ಡರ್ ಪ್ಯಾರಾಮೀಟರ್ ಅಲ್ಲೇ ಕೊಡಬಹುದು. ಲಾಗ್ ಒಂದು ಫೈಲಿಗೆ ಹೋಗಲಿ. ಕೆಲಸ ಸರಿಯಾಗಿ ಮುಗಿದರೆ ಪ್ಯಾನ್ 0 ಕೊಡುತ್ತದೆ. ಬೇರೆ ಸಂಖ್ಯೆ ಬಂದ ದಿನ ಆಫೀಸಿನಲ್ಲಿ ಯಾರಿಗೆ ಮೆಸೇಜ್ ಹೋಗಬೇಕು ಎಂಬುದನ್ನೂ ಆಗಲೇ ಗೊತ್ತುಮಾಡಿಡಿ. ತಿರಸ್ಕೃತ ಸಾಲುಗಳ ಫೈಲ್ ಮಾತ್ರ ಪ್ರತಿದಿನ ಒಬ್ಬರು ತೆರೆದು ನೋಡಲೇಬೇಕು.